ಮೆಚ್ಚು, ಮೆಚ್ಚಿಸು, ಪ್ರೋತ್ಸಾಹಧನ

ಸುಮಾರು ಒಂದು ವರ್ಷದ ಹಿಂದೆ, ಸಂಘದ ವಾಚನಾಲಯಕ್ಕೆ ತಪ್ಪದೆ ಬರುವ ಮಿತ್ರರೊಬ್ಬರು ಒಂದು ಸುತ್ತೋಲೆಯನ್ನು ನನ್ನ ಮುಂದಿರಿಸಿ, ಅದರ ಕನ್ನಡ ತರ್ಜುಮೆಯನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡರು. ಅವರು ಮುಂಬಯಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸದಲ್ಲಿರುವವರು. ಆ ಕಾರ್ಖಾನೆಯ ಶಾಖೆಯೊಂದು ಕರ್ನಾಟಕದಲ್ಲಿರುವುದರಿಂದ, ಅಲ್ಲಿಯ ಕೆಲಸಗಾರರಿಗಾಗಿ ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡಿಸುವ ಭಾರ ಇವರ ಪಾಲಿಗೆ ಬಂದಿತ್ತು. ಹತ್ತು ಸಾಲಿನ ಆ ಬರಹದಲ್ಲಿ ಒಂದೇ ಒಂದು ಕ್ರಿಯಾಪದ ಅವರನ್ನು ಕಂಗೆಡಿಸಿತ್ತು. ‘ಇನ್ಸೆಂಟಿವೈಸ್’ ಎಂಬುದೇ ಆ ಪದ. ಅದಕ್ಕೆ ಅವರು ಮೊದಲು ‘ಪ್ರೋತ್ಸಾಹಿಸು’ ಎಂದು ಬರೆದು ಹೊಡೆದುಹಾಕಿದ್ದರು. ಅದರ ಮೇಲೆ ‘ಉತ್ತೇಜಿಸು’ ಎಂದು ಬರೆದು ಅದನ್ನೂ ಹೊಡೆದಿದ್ದರು. ಅಂಚಿನಲ್ಲಿ ಸಣ್ಣಕ್ಷರಗಳಲ್ಲಿ ‘ಆಸೆ ಹುಟ್ಟಿಸು’ ಎಂದು ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದ್ದರು. “ಮೊದಲಿನ ಎರಡರಲ್ಲಿ ದುಡ್ಡಿಲ್ಲ, ಮೂರನೆಯದರಲ್ಲಿ ಮರ್ಯಾದೆಯಿಲ್ಲ. ಏನು ಬರೆಯಲಿ, ನೀವೇ ಹೇಳಿ” ಎಂದರು.

ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅವರ ಮಾತಿನಲ್ಲಿದ್ದ ಸತ್ಯ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಹಣವನ್ನೋ ಪದವಿಯನ್ನೋ ಮುಂದಿಟ್ಟು ಒಬ್ಬನನ್ನು ಕೆಲಸಕ್ಕೆ ಎಬ್ಬಿಸುವುದು ಎಂಬ ಅರ್ಥವನ್ನು, ನಿಂದೆಯೂ ಇಲ್ಲದೆ ಸ್ತುತಿಯೂ ಇಲ್ಲದೆ, ಒಂದೇ ಮಾತಿನಲ್ಲಿ ಹೇಳುವ ಕ್ರಿಯಾಪದ ಕನ್ನಡದಲ್ಲಿ ಏಕೆ ಬೆಳೆಯಲಿಲ್ಲ? ಬಹುಮಾನ ಕೊಡುವ ರೂಢಿ ನಮ್ಮ ನಾಡಿನಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ನಮ್ಮ ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುವುದು ಅದೇ. ಹಾಗಾದರೆ ಆ ರೂಢಿಯನ್ನು ಕುರಿತು ನಮ್ಮವರು ಯಾವ ಮಾತನ್ನಾಡುತ್ತಿದ್ದರು, ಆ ಮಾತಿನ ನಡೆ ಎಂಥದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಇಂಗ್ಲಿಷಿನ ಮಾತನ್ನೇ ನೋಡೋಣ. ಅದರ ಬೇರು ಲ್ಯಾಟಿನ್ನಿನದು. ಅಲ್ಲಿ ಅದಕ್ಕೆ ವಾದ್ಯವನ್ನು ನುಡಿಸು, ರಾಗವನ್ನು ಎತ್ತಿಕೊಡು ಎಂಬರ್ಥ. ಮೇಳದಲ್ಲಿ ಒಬ್ಬನು ಶ್ರುತಿ ಹಿಡಿದೊಡನೆ ಉಳಿದವರು ದನಿಗೂಡಿಸುವಂತೆ, ಒಬ್ಬರ ಮನಸ್ಸನ್ನು ಎಬ್ಬಿಸುವುದು ಎಂಬುದು ಮೂಲಭಾವ. ಶತಮಾನಗಳವರೆಗೆ ‘ಇನ್ಸೆಂಟಿವ್’ ಎಂಬ ನಾಮಪದ ಇಂಗ್ಲಿಷಿನಲ್ಲಿ ಪ್ರೇರಣೆ ಎಂಬ ಸಾಮಾನ್ಯಾರ್ಥದಲ್ಲಿಯೇ ಬಳಕೆಯಲ್ಲಿತ್ತು. ಅದಕ್ಕೆ ಕಾಸಿನ ವಾಸನೆ ತಗುಲಿದ್ದು ತೀರ ಈಚೆಗೆ. ಇಂತಿಷ್ಟು ಮಾಲು ತಯಾರಿಸಿದರೆ ಇಂತಿಷ್ಟು ದರ, ಅದಕ್ಕೂ ಮೀರಿದರೆ ಹೆಚ್ಚಿನ ದರ ಎಂಬ ಲೆಕ್ಕಾಚಾರವನ್ನು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1895ರಲ್ಲಿಯೇ ಮಂಡಿಸಿದ್ದನು. ಆದರೆ ಹೆಚ್ಚು ದುಡಿತಕ್ಕೆ ಹೆಚ್ಚು ಕೂಲಿ ಎಂಬ ಅರ್ಥದಲ್ಲಿ ಈ ಪದ ನೆಲೆಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಲ್ಲಿಯ ಯುದ್ಧಸಾಮಗ್ರಿಯ ಕಾರ್ಖಾನೆಗಳಿಂದ. ಅದರಿಂದ ಕ್ರಿಯಾಪದ ಹುಟ್ಟಿ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1960ರ ದಶಕದ ಕೊನೆಗೆ. ಇಂಗ್ಲಿಷ್ ಬಲ್ಲ ಹಿರಿಯರಲ್ಲಿ ಹಲವರು ಅದನ್ನು ಈಗಲೂ ಮೂಗು ಮುರಿದೇ ಉಚ್ಚರಿಸುವುದುಂಟು. ಹೀಗೆ ರಾಗವೆತ್ತುವ ಮಾತು ಸಂಬಳದ ಪಟ್ಟಿಗೆ ಇಳಿಯಲು ಒಂದು ಮಹಾಯುದ್ಧವೇ ಬೇಕಾಯಿತು.

ನಮ್ಮ ಮಿತ್ರರು ಹೊಡೆದುಹಾಕಿದ ಮಾತುಗಳಿಗೆ ಬರೋಣ. ‘ಉತ್ತೇಜಿಸು’ ಎಂಬುದರ ಸಂಸ್ಕೃತ ಧಾತುವಿಗೆ ಹರಿತಗೊಳಿಸು, ಸಾಣೆ ಹಿಡಿ ಎಂಬರ್ಥ. ತೇಜಸ್ಸು ಅದರದೇ ಸಂತಾನ. ‘ಪ್ರೋತ್ಸಾಹ’ದ ಒಳಗಿರುವುದು ಉತ್ಸಾಹ, ಅದು ವೀರರಸದ ಸ್ಥಾಯಿಭಾವವೆಂಬುದು ಅಲಂಕಾರಶಾಸ್ತ್ರದ ಪರಿಚಯವಿದ್ದವರಿಗೆಲ್ಲ ತಿಳಿದ ಸಂಗತಿ. ‘ಹುರಿದುಂಬಿಸು’ ಎಂಬ ನಮ್ಮ ದೇಸಿಯ ಮಾತೂ ಈ ಗುಂಪಿನದೇ. ಇವೆಲ್ಲ ಎದುರಿಗಿರುವವನ ಒಳಗಿನ ಕಸುವನ್ನು ಎಬ್ಬಿಸುವ ಮಾತುಗಳು. ಕೈಯಲ್ಲಿ ಬಿಡಿಗಾಸಿಲ್ಲದವನೂ ಇನ್ನೊಬ್ಬನನ್ನು ಹುರಿದುಂಬಿಸಬಲ್ಲನು. ಇದಕ್ಕೆ ವಿರುದ್ಧವಾಗಿ ವಸ್ತುವನ್ನು ಮುಂದಿಟ್ಟು ಸೆಳೆಯುವ ಮಾತುಗಳನ್ನು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಬೇಟೆಯಿಂದ ಬಂದವು. ‘ಆಮಿಷ’ವೆಂದರೆ ಮಾಂಸ, ಗಾಳಕ್ಕೆ ಚುಚ್ಚುವ ಎರೆ, ‘ಒಡ್ಡು’ವುದು ಬಲೆಯನ್ನು. ‘ಆಸೆ ತೋರಿಸು’ ಎಂದರೆ ಸಾಕು, ಕೇಳಿದವನು ಮುಂದಿನ ಮೋಸವನ್ನು ತಾನೇ ಊಹಿಸಿಕೊಳ್ಳುತ್ತಾನೆ. ನಡುವಣ ಜಾಗ ಬರಿದಾಗಿ ಕಾಣುತ್ತದೆ.

ಆದರೆ ಅದು ಬರಿದಾಗಿಲ್ಲ. ಅಲ್ಲಿ ಒಂದು ಹಳೆಯ ಮಾತು ಕುಳಿತಿದೆ; ಅದು ‘ಮೆಚ್ಚು’. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಇದರ ಒಡಹುಟ್ಟುಗಳು ಹೊಗಳು, ಕೊಂಡಾಡು ಎಂಬರ್ಥದಲ್ಲಿವೆ. ಕನ್ನಡದಲ್ಲಿ ಅದು ಮನಸ್ಸಿಗೆ ಒಪ್ಪು, ಸಂತೋಷಪಡು ಎಂಬಲ್ಲಿಂದ ಹೊರಟು, ಆ ಸಂತೋಷದಿಂದ ಕೊಟ್ಟ ವಸ್ತು ಎಂಬವರೆಗೂ ವಿಸ್ತರಿಸಿತು. ಹಳಗನ್ನಡದಲ್ಲಿ ‘ಮೆಚ್ಚು’ ಎಂದರೆ ಬಹುಮಾನವೇ. ‘ಮೆಚ್ಚುಗೊಟ್ಟಂ’ ಎಂದರೆ ಬಹುಮಾನವಿತ್ತನು. ಇಂದು ನಾವು ಒಂದು ಪದ್ಯವನ್ನು ಮೆಚ್ಚುತ್ತೇವೆ, ಹುಡುಗನೊಬ್ಬನ ಜಾಣತನವನ್ನು ಮೆಚ್ಚುತ್ತೇವೆ. ಆದರೆ ಮೆಚ್ಚಿದ ಮೇಲೆ ಏನನ್ನೂ ಕೊಡಬೇಕಾದ್ದಿಲ್ಲ. ಹತ್ತನೆಯ ಶತಮಾನದಲ್ಲಿ ಹಾಗಿರಲಿಲ್ಲ. ಒಡೆಯನು ಮೆಚ್ಚಿದನೆಂದರೆ ಊರೋ ಗದ್ದೆಯೋ ಆನೆಯೋ ಕೈ ಬದಲಾಗುವುದು ಖಂಡಿತ.

ಈ ರೂಢಿ ಕನ್ನಡ ಬರವಣಿಗೆಯಷ್ಟೇ ಹಳೆಯದೆನ್ನಬಹುದು. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿ. ಶ. 450ರ ಸುಮಾರಿನದೆಂದು ಹೇಳುತ್ತಾರೆ. ಡಾ. ಎಂ. ಎಚ್. ಕೃಷ್ಣ ಅವರು 1936ರ ವೇಳೆಗೆ ಅದನ್ನು ಬೆಳಕಿಗೆ ತಂದಂದಿನಿಂದ ಅದರ ಲಿಪಿ, ವ್ಯಾಕರಣ, ಕಾಲಗಳ ಬಗೆಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅದರಲ್ಲಿ ಹೇಳಿರುವ ವಿಷಯದ ಕಡೆಗೆ ನಮ್ಮ ಲಕ್ಷ್ಯ ಹರಿದದ್ದು ಕಡಿಮೆ. ವಿಷಯವಾದರೋ ಇಷ್ಟು: ವಿಜ ಅರಸನೆಂಬ ವೀರನು ಕೇಕಯ ಪಲ್ಲವರೊಡನೆ ಕಾದಿ ಗೆದ್ದನು, ಅವನಿಗೆ ಹಲ್ಮಿಡಿ, ಮೂಳಿವಳ್ಳಿಗಳೆಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟರು. ಬಾಳ್ ಎಂದರೆ ಖಡ್ಗ, ಕಳ್ಚು ಎಂದರೆ ತೊಳೆ. ಯುದ್ಧ ಮುಗಿದು, ನೆತ್ತರಾದ ಕತ್ತಿಯನ್ನು ತೊಳೆಯುವಾಗ ಕೊಟ್ಟ ನೆಲ ಬಾಳ್ಗಳ್ಚು. ಮುಂದಿನ ಶಾಸನಗಳಲ್ಲಿ ಅದೇ ಬಾಳ್ಗಚ್ಚು. ಹೆಸರಿನಲ್ಲಿಯೇ ಕಾಲಸೂಚನೆಯಿದೆಯೆಂಬುದನ್ನು ವಾಚಕರು ಗಮನಿಸಬೇಕು. ಹೊಳೆಯುವ ಕತ್ತಿಗೆ ಇದು ಸಲ್ಲುವುದಿಲ್ಲ. ಕತ್ತಿ ಕೊಳೆಯಾದ ಮೇಲೆಯೇ ಸಲ್ಲಬೇಕು. ಕಾದಾಡಿ ಮಡಿದವನ ಮನೆಯವರಿಗೆ ಕೊಟ್ಟ ನೆಲಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಅಲ್ಲಿಯೂ ಕ್ರಮ ಅದೇ: ಮೊದಲು ನೆತ್ತರು, ಆಮೇಲೆ ಕೊಡಗೆ.

ಈ ಮಾತುಗಳ ಪೂರ್ಣ ವೈಭವವನ್ನು ಕಾಣಬೇಕಾದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಮುಂದೆ ನಿಲ್ಲಬೇಕು. ಈಗ ಅದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಶಾಸನವನ್ನು ಪರಿಷ್ಕರಿಸಿ ಪ್ರಕಟಿಸಿದ ಜೆ. ಎಫ್. ಫ್ಲೀಟನು ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿ. ನಮ್ಮ ಈ ನಗರದ ಸರಕಾರದ ಕೆಲಸದಲ್ಲಿದ್ದುಕೊಂಡೇ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದವನು. ಮುಂಬಯಿಯ ಕನ್ನಡಿಗರು ಅವನನ್ನು ನೆನೆಯುವುದು ಉಚಿತ.

ಶಾಸನದ ಕಾಲ ಶಕ 872, ಎಂದರೆ ಕ್ರಿ. ಶ. 949-50. ಆಗಷ್ಟೇ ಈಗಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧ ನಡೆದು ಚೋಳ ರಾಜಾದಿತ್ಯನು ಹತನಾಗಿದ್ದನು. ಅವನನ್ನು ಕೊಂದವನು ಗಂಗರ ಇಮ್ಮಡಿ ಬೂತುಗನೆಂದು ಶಾಸನ ಹೇಳುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ನಮ್ಮ ಕನ್ನರದೇವ, ಅದಕ್ಕೆ ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟನು. ಬೂತುಗನ ಮುಂದೆ ನಿಂತು ಕಾದಿದವನು ಸಗರವಂಶದ ಮಣಲರನೆಂಬ ವೀರ. ಬೂತುಗನು ಅದಕ್ಕೆ ಮೆಚ್ಚಿ ಆತುಕೂರು ಹನ್ನೆರಡನ್ನೂ ಬೆಳ್ವೊಲದಲ್ಲಿನ ಒಂದು ಊರನ್ನೂ ಅವನಿಗೆ ಬಾಳ್ಗಚ್ಚು ಕೊಟ್ಟನು. ಹೀಗೆ ಮೆಚ್ಚು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುತ್ತದೆ: ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ.

ಇನ್ನೂ ಒಂದು ಮೆಟ್ಟಿಲಿದೆ. ಮೆಚ್ಚಿದೆನು, ಬೇಕಾದ್ದನ್ನು ಬೇಡಿಕೋ ಎಂದು ಒಡೆಯನು ಹೇಳಿದಾಗ ಮಣಲರನು ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯನ್ನು ದಯಪಾಲಿಸಬೇಕೆಂದು ಬೇಡಿದನು. ಆ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಡನೆ ಸತ್ತವು. ಮಣಲರನು ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ನೆಲವನ್ನು ಬಿಡಿಸಿದನು. ಆ ಕಲ್ಲಿಗೆ ಪೂಜೆಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂಬ ಶಾಪವೂ ಉಂಟು. ಚಕ್ರವರ್ತಿಯ ವಿಜಯವನ್ನೂ ನಾಯಿಯ ಮರಣವನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸಿದ ಆ ಮಣಲರನ ಬಗೆಗೆ ನನಗೆ ಮೊದಲಿನಿಂದಲೂ ಗೌರವ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು, ಕೊನೆಯ ಮೆಟ್ಟಿಲಿನಲ್ಲಿಯೂ ಕ್ರಮ ಕೆಡಲಿಲ್ಲವೆಂಬುದು. ನಾಯಿ ಕಾದಿತು, ಸತ್ತಿತು. ಆಮೇಲೆ ಅದಕ್ಕೂ ನೆಲ ಬಂತು.

ಈ ಶಾಸನಗಳ ವಾಕ್ಯರಚನೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕಾದಿದುದು ಭೂತಕಾಲದ ಕೃದಂತವಾಗಿ ಚತುರ್ಥಿಯಲ್ಲಿ ನಿಲ್ಲುತ್ತದೆ, ‘ಮೆಚ್ಚಿ’ ಎಂಬ ಭೂತನ್ಯೂನ ಅದರ ಹಿಂದೆ ಬರುತ್ತದೆ, ಕೊನೆಗೆ ‘ಕೊಟ್ಟಂ’. ಕೆಲಸ ಆಗಿಹೋಗಿದೆ, ಮನಸ್ಸು ಒಪ್ಪಿದೆ, ಆಮೇಲೆ ಕೈ ನೀಡಿದೆ. ‘ಮೆಚ್ಚು’ ಎಂಬ ಕ್ರಿಯೆಯ ಕರ್ತೃ ಕೊಡುವವನು. ಅಲುಗಿದ್ದು ಅವನ ಹೃದಯ, ದುಡಿಯುವವನದಲ್ಲ. ಇನ್ನು ಈ ಧಾತುವಿಗೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯವನ್ನು ಹಚ್ಚಿ ನೋಡಿ. ‘ಮೆಚ್ಚಿಸು’ ಎಂದಾಗ ಪ್ರೇರಿಸುವವನು ಯಾರು? ಆಳು, ಕವಿ, ನಟ, ಸೊಸೆ, ಶಿಷ್ಯ. ಪ್ರೇರಿತನಾಗುವವನು ಅರಸ, ಸಭೆ, ಅತ್ತೆ, ಗುರು. ಇಂಗ್ಲಿಷಿನ ಕ್ರಿಯಾಪದದಲ್ಲಿ ಹಣವುಳ್ಳವನು ಕೆಳಗಿನವನನ್ನು ಅಲುಗಿಸುತ್ತಾನೆ. ನಮ್ಮ ಕ್ರಿಯಾಪದದಲ್ಲಿ ಕೆಳಗಿನವನು ಹಣವುಳ್ಳವನನ್ನು ಅಲುಗಿಸುತ್ತಾನೆ. ಎರಡೂ ಒಂದೇ ಹಗ್ಗದ ಮಾತೇ; ಎಳೆಯುವ ಕೈ ಮಾತ್ರ ಬೇರೆ. ನಮ್ಮ ಮಿತ್ರರ ತರ್ಜುಮೆ ತೊಡಕಿದ್ದಕ್ಕೆ ಇದೇ ಕಾರಣವೆಂದು ನನ್ನ ತಿಳಿವಳಿಕೆ.

‘ಮೆಚ್ಚಿಸು’ ಎಂಬುದರಲ್ಲಿ ಸ್ವಲ್ಪ ದೈನ್ಯವಿದೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ದೈನ್ಯದ ಅರಿವು ನಮ್ಮ ಹಿರಿಯರಿಗೂ ಇತ್ತು. ಪಂಪನು ಅರಿಕೇಸರಿಯಿಂದ ಧರ್ಮಪುರವೆಂಬ ಅಗ್ರಹಾರವನ್ನು ಪಡೆದುದನ್ನು ಹೆಮ್ಮೆಯಿಂದಲೇ ಹೇಳಿಕೊಂಡನು; ಆದರೆ ಹನ್ನೆರಡನೆಯ ಶತಮಾನದ ಶರಣರು ಮೆಚ್ಚಿಸುವ ಕೆಲಸವನ್ನು ಅರಸನಿಂದ ಕಿತ್ತು ದೇವರ ಕಡೆಗೆ ತಿರುಗಿಸಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಲಕ್ಕಮ್ಮನು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಹೆಚ್ಚು ದುಡಿತಕ್ಕೆ ಹೆಚ್ಚು ಫಲವೆಂಬ ಸೂತ್ರ ಆ ಮನೆಯ ಬಾಗಿಲಲ್ಲಿಯೇ ಹಿಂದಿರುಗಿತು.

ಕೆಲಸಕ್ಕೆ ಮುಂಚೆ ಏನನ್ನೂ ಕೊಡುತ್ತಿರಲಿಲ್ಲವೇ ಎಂದರೆ, ಕೊಡುತ್ತಿದ್ದರು, ಎಲೆಯಡಿಕೆಯನ್ನು. ರಣಕ್ಕೆ ಹೊರಡುವವನಿಗೆ ಅರಸನು ಕೊಟ್ಟದ್ದು ರಣವೀಳ್ಯ. ಅದನ್ನು ಎತ್ತಿಕೊಂಡವನು ಮಾತಿಗೆ ಸಿಕ್ಕಿಬಿದ್ದಂತೆ. ಮರಾಠಿಯಲ್ಲಿ ಇಂದಿಗೂ ಒಂದು ಕಷ್ಟದ ಕೆಲಸವನ್ನು ಹೊತ್ತವನು ‘ವಿಡಾ’ ಎತ್ತಿದನೆಂದೇ ಹೇಳುವುದನ್ನು ನಾವು ಮುಂಬಯಿ ಪುಣೆಗಳಲ್ಲಿ ದಿನವೂ ಕೇಳುತ್ತೇವೆ. ಹಿಂದಿಯ ‘ಬೀಡಾ’ ಎತ್ತುವುದೂ ಅದೇ. ಬೆಲೆಯೇ ಇಲ್ಲದ ವಸ್ತುವನ್ನು ಮೊದಲು ಕೊಟ್ಟು, ಬೆಲೆಯುಳ್ಳದ್ದನ್ನು ಕೊನೆಗೆ ಕೊಡುವ ಈ ಪದ್ಧತಿಯಲ್ಲಿ ಒಂದು ಜಾಣತನವೂ ಇದೆ. ಇನ್ನೊಂದು ‘ಜೋಳವಾಳಿ’. ಒಡೆಯನ ಜೋಳವನ್ನು ಉಂಡವನು ಆ ಋಣಕ್ಕಾಗಿ ಕಾದಬೇಕು. ಇಲ್ಲಿ ಕೊಟ್ಟದ್ದು ಹಿಂದೆ, ಮಾಡಬೇಕಾದ್ದು ಮುಂದೆ. ಆದರೆ ಇದು ಬಹುಮಾನದ ಆಸೆಯಲ್ಲ, ಸಾಲದ ಭಾರ. ಅದು ಮುಟ್ಟುತ್ತಿದ್ದ ತುದಿಯೂ ಭಯಂಕರ. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ತನ್ನವರೊಡನೆ ಪ್ರಾಣವನ್ನೊಪ್ಪಿಸಿದುದನ್ನು ಹಳೇಬೀಡಿನ ಸ್ತಂಭಶಾಸನ ಸಾರುತ್ತದೆ. ಅಲ್ಲಿ ಮೆಚ್ಚುವ ಒಡೆಯನೂ ಇಲ್ಲ, ಮೆಚ್ಚುಗೊಳ್ಳುವ ಆಳೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬಾಳ್ಗಚ್ಚಿನ ಕಲ್ಲನ್ನು ಊರ ನಡುವೆ, ಗುಡಿಯ ಮುಂದೆ, ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರಲ್ಲವೇ? ಅದನ್ನು ದಿನವೂ ನೋಡುತ್ತ ಬೆಳೆದ ಹುಡುಗನು ತನಗೂ ಹೀಗೆ ಊರು ಸಿಕ್ಕೀತೆಂದು ಕತ್ತಿ ಹಿಡಿದಿರಲಾರನೇ? ಆಕ್ಷೇಪ ಸರಿಯಾದುದೇ. ಮಾತು ಹಿಂದಕ್ಕೆ ನೋಡಿದರೂ ಕಲ್ಲು ಮುಂದಕ್ಕೆ ನೋಡುತ್ತಿತ್ತು. ಅರಸರು ಇದನ್ನು ಅರಿಯದವರಾಗಿದ್ದರೆಂದು ಹೇಳಲು ನಾನು ಸಿದ್ಧನಿಲ್ಲ. ಅಷ್ಟೇ ಅಲ್ಲ, ಮೆಚ್ಚು ಎಂಬ ಮಾತು ಕೆಲವೊಮ್ಮೆ ಉದಾರತೆಗಿಂತ ರಾಜಕಾರಣಕ್ಕೇ ಹೆಚ್ಚು ಒದಗುತ್ತಿತ್ತು. ಬೂತುಗನಿಗೆ ಕೊಟ್ಟ ಐದು ನಾಡುಗಳ ವಿಷಯವನ್ನೇ ನೋಡಿ. 975ರ ಹೆಬ್ಬಾಳ ಶಾಸನದ ಪ್ರಕಾರ, ಅವುಗಳಲ್ಲಿ ಬನವಾಸಿಯೊಂದನ್ನು ಬಿಟ್ಟು ಉಳಿದ ನಾಲ್ಕು ನಾಡುಗಳು ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದಾಗಲೇ ಬೂತುಗನಿಗೆ ಬಳುವಳಿಯಾಗಿ ಬಂದವು! ಮಾವನು ಕೊಟ್ಟದ್ದನ್ನು ಭಾವಮೈದುನನು ಮತ್ತೊಮ್ಮೆ ಮೆಚ್ಚಿ ಕೊಟ್ಟನು. ಬಳುವಳಿ ಹೆಣ್ಣಿನ ಹಕ್ಕಿನ ಮಾತು. ಮೆಚ್ಚು ಒಡೆಯನ ಪ್ರಸಾದದ ಮಾತು. ನೆಲ ಅದೇ ಇದ್ದರೂ ಹೆಸರು ಬದಲಾದೊಡನೆ ಸಂಬಂಧ ಬದಲಾಯಿತು, ಅಳಿಯನು ಆಳಾದನು. ಕೊಟ್ಟದ್ದಕ್ಕೆ ಯಾವ ಹೆಸರಿಡಬೇಕೆಂಬುದು ಬರಿಯ ನಿಘಂಟಿನ ವಿಚಾರವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ನಿಜವಾಗಿಯೂ ಮುಂಗಡವಾಗಿ ಹೇಳಿ ಕೆಲಸಕ್ಕೆ ಕರೆಯುವ ಏರ್ಪಾಡು ನಮ್ಮಲ್ಲಿ ರಣರಂಗದಲ್ಲಿ ಬೆಳೆಯಲಿಲ್ಲ, ಕೆರೆಯ ಏರಿಯ ಮೇಲೆ ಬೆಳೆಯಿತು. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವನಿಗೆ, ಅದರ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಕಂದಾಯದ ರಿಯಾಯಿತಿಯಿಂದ ಸಲ್ಲುತ್ತಿತ್ತು. ಇದೇ ‘ಕಟ್ಟುಕೊಡಗೆ’, ಪೂರ್ವದ ಸೀಮೆಗಳಲ್ಲಿ ‘ದಸವಂದ’. ಅರಸನ ಬೊಕ್ಕಸದಿಂದ ಹಣ ಹೊರಡದೆಯೇ ಸಾವಿರಾರು ಕೆರೆಗಳು ಎದ್ದುದಕ್ಕೆ ಇದು ಒಂದು ಕಾರಣ. ಕೆರೆ ನಿಂತು ನೀರು ಹರಿದರಷ್ಟೇ ಪಾಲಿಗೆ ಬೆಲೆ. ನೀರಿಲ್ಲದಿದ್ದರೆ ಕಟ್ಟಿಸಿದವನಿಗೂ ಒಣನೆಲವೇ. ಇಂದಿನ ಅರ್ಥಶಾಸ್ತ್ರಜ್ಞರು ಇದಕ್ಕಿಂತ ಚೊಕ್ಕವಾದ ಏರ್ಪಾಡನ್ನು ಕಲ್ಪಿಸಲಾರರು. ಹದಿನೆಂಟನೆಯ ಶತಮಾನದ ದಂಡಯಾತ್ರೆಗಳಲ್ಲಿ ಹಳ್ಳಿಗಳು ಹಾಳುಬಿದ್ದಾಗ, ರೈತರನ್ನು ಮರಳಿ ಕರೆತರಲು ‘ಕೌಲು’ ಕೊಡುತ್ತಿದ್ದರು: ಮೊದಲ ವರ್ಷ ಹೆಸರಿಗಷ್ಟೇ ಕಂದಾಯ, ವರ್ಷವರ್ಷಕ್ಕೆ ಏರಿ ಕೊನೆಗೆ ಪೂರ್ಣ ದರ. ಕೌಲು ಅರಬ್ಬೀ ಮಾತು. ಅರ್ಥ ‘ನುಡಿ’, ಕೊಟ್ಟ ಮಾತು. ಇಲ್ಲಿ ಆಸೆಯೂ ಇದೆ, ಲೆಕ್ಕವೂ ಇದೆ. ಅದಕ್ಕೆ ಸಿಕ್ಕ ಹೆಸರು ಮಾತ್ರ ಭಾಷೆ ಕೊಡುವುದರ ಹೆಸರು. ಕಟ್ಟುಕೊಡಗೆಯಾ ಕೌಲೂ ನಾಮಪದಗಳಾಗಿಯೇ ಉಳಿದವು, ‘ಕೊಡು’ ಎಂಬ ಸಾದಾ ಕ್ರಿಯೆಯ ಆಸರೆಯಲ್ಲಿ.

ಮುಸಲ್ಮಾನ ಅರಸರ ಮತ್ತು ಮರಾಠರ ಆಳ್ವಿಕೆಯಲ್ಲಿ ಮೆಚ್ಚಿನ ಜಾಗವನ್ನು ಇನಾಮು, ಬಕ್ಷೀಸುಗಳು ಆಕ್ರಮಿಸಿದವು. ಅವುಗಳ ಕಥೆ ದೀರ್ಘವಾದುದು. ಒಂದು ಸಂಗತಿಯನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. 1852ರ ಕಾಯಿದೆಯ ಬಲದಿಂದ ಮುಂಬಯಿ ಸರಕಾರದ ಇನಾಮ್ ಕಮಿಷನ್ ಧಾರವಾಡ ಬೆಳಗಾವಿ ಸೀಮೆಗಳ ಇನಾಮುದಾರರನ್ನು ಕರೆದು, ಹಕ್ಕಿಗೆ ಆಧಾರಪತ್ರ ತೋರಿಸಿರೆಂದು ಕೇಳತೊಡಗಿತು. ಯಾವ ಅರಸನು ಯಾವ ಕೆಲಸಕ್ಕೆ ಮೆಚ್ಚಿದನೆಂಬುದು ಮನೆಯ ಹಿರಿಯರ ಬಾಯಲ್ಲಿತ್ತು, ಪೆಟ್ಟಿಗೆಯಲ್ಲಿ ಇರಲಿಲ್ಲ. ಮೆಚ್ಚಿಗೆ ದಾಖಲೆ ಬೇಕೆಂದಾದಾಗ ದಕ್ಷಿಣ ಮರಾಠಾ ಸೀಮೆಯಲ್ಲೆಲ್ಲ ಹುಟ್ಟಿದ ಅಸಮಾಧಾನವನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಉಳಿದ ಇನಾಮುಗಳನ್ನು ಸ್ವಾತಂತ್ರ್ಯಾನಂತರ, 1950ರ ದಶಕದ ರದ್ದಿಯಾತಿ ಕಾಯಿದೆಗಳು ಮುಗಿಸಿದವು.

ಮೆಚ್ಚು ಮತ್ತು ಹಕ್ಕುಗಳ ನಡುವಣ ಈ ಜಗಳ ನೆಲದ ಜೊತೆಗೆ ಮುಗಿಯಲಿಲ್ಲ. ಅದು ಈ ಮುಂಬಯಿಯ ಗಿರಣಿಗಳಿಗೆ ಬಂತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಲೆಗಳು ಏರಿದಾಗ ಗಿರಣಿಯ ಒಡೆಯರು ಕೂಲಿಯ ಮೇಲೆ ಯುದ್ಧದ ಭತ್ಯೆ ಕೊಟ್ಟರು. ಅದರ ಬಳಿಕ, ಲಾಭ ಸೊಂಪಾಗಿದ್ದ 1919ರಿಂದ 1922ರ ವರೆಗಿನ ವರ್ಷಗಳಿಗೆ ಒಂದು ತಿಂಗಳ ಪಗಾರವನ್ನು ‘ಬೋನಸ್’ ಎಂದು ಹಂಚಿದರು. ಬೋನಸ್ ಎಂಬ ಲ್ಯಾಟಿನ್ ಪದಕ್ಕೆ ಒಳ್ಳೆಯದು ಎಂದಷ್ಟೇ ಅರ್ಥ. 1923ರಲ್ಲಿ ಲಾಭವಿಲ್ಲವೆಂದು ಅದನ್ನು ನಿಲ್ಲಿಸಿದೊಡನೆ, 1924ರ ಜನವರಿಯಲ್ಲಿ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಮುಷ್ಕರ ಎರಡು ತಿಂಗಳಿಗೂ ಮಿಕ್ಕಿ ನಡೆಯಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ನಾರ್ಮನ್ ಮೆಕ್ಲಿಯಡ್ ಅವರ ಸಮಿತಿಯ ಮುಂದಿದ್ದ ಪ್ರಶ್ನೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಷ್ಟೇ: ಇದು ಮೆಚ್ಚೋ, ಜೀವಿತವೋ? ರೂಢಿಯಿಂದಾಗಲಿ ಕಾನೂನಿನಿಂದಾಗಲಿ ನ್ಯಾಯದೃಷ್ಟಿಯಿಂದಾಗಲಿ ಕಾರ್ಮಿಕರಿಗೆ ಅದನ್ನು ಕೇಳಿ ಪಡೆಯುವ ಹಕ್ಕು ಇಲ್ಲವೆಂದು ಸಮಿತಿ ತೀರ್ಮಾನಿಸಿತು. ಅರ್ಥಾತ್, ಮೆಚ್ಚು. ನಾಲ್ಕು ವರ್ಷ ಮೆಚ್ಚಿದವನು ಐದನೆಯ ವರ್ಷ ಮೆಚ್ಚದಿದ್ದರೆ ಕೇಳುವವರಿಲ್ಲ.

ಆ ತೀರ್ಮಾನ ತಲೆಕೆಳಗಾಗಲು ನಾಲ್ವತ್ತು ವರ್ಷ ಹಿಡಿಯಿತು. 1950ರಲ್ಲಿ ಮುಂಬಯಿಯ ಗಿರಣಿಗಳ ವ್ಯಾಜ್ಯದಲ್ಲಿಯೇ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯು ಬೋನಸಿಗೆ ಒಂದು ಲೆಕ್ಕದ ಸೂತ್ರವನ್ನು ಹಾಕಿಕೊಟ್ಟಿತು. 1961ರಲ್ಲಿ ಎಂ. ಆರ್. ಮೆಹೇರ್ ಅವರ ಅಧ್ಯಕ್ಷತೆಯ ಆಯೋಗ ನೇಮಕವಾಯಿತು. 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂದಿತು. ನೂರಕ್ಕೆ 4ರ ಕನಿಷ್ಠದಿಂದ ಆರಂಭವಾಗಿ ಮುಂದೆ ಅದು 8.33ಕ್ಕೆ ಏರಿತು, ಗರಿಷ್ಠ 20. ನೂರಕ್ಕೆ 8.33 ಎಂದರೆ ವರ್ಷದ ಹನ್ನೆರಡರಲ್ಲಿ ಒಂದು ಪಾಲು, ಎಂದರೆ ಸರಿಯಾಗಿ ಒಂದು ತಿಂಗಳ ಪಗಾರ. 1919ರಲ್ಲಿ ಒಡೆಯರು ಮೆಚ್ಚಿ ಕೊಟ್ಟದ್ದೇ ಮೊತ್ತ ಹೀಗೆ ಸಾಲವಾಗಿ ಮರಳಿತು. ದೀಪಾವಳಿಯ ಮುಂಚೆ ಪರೇಲ್ ಲಾಲಬಾಗಗಳಲ್ಲಿ ‘ಬೋನಸ್ ಆಯಿತೇ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದ ತಲೆಮಾರಿನವರಿಗೆ ಆ ಮಾತಿನಲ್ಲಿ ಬೇಡುವ ದನಿಯೇ ಇರಲಿಲ್ಲ.

ಈಗ ‘ಪ್ರೋತ್ಸಾಹಧನ’ಕ್ಕೆ ಬರಬಹುದು. ವೀರರಸದ ಉತ್ಸಾಹಕ್ಕೆ ಧನವನ್ನು ಗಂಟುಹಾಕಿ ಸರಕಾರಿ ಕನ್ನಡ ಈ ಸಮಾಸವನ್ನು ಮಾಡಿಕೊಂಡಿತು. ಇಂಗ್ಲಿಷಿನಲ್ಲಿ ರಾಗಕ್ಕೆ ಆದ ಗತಿಯೇ ನಮ್ಮಲ್ಲಿ ರಸಕ್ಕೂ ಆಯಿತು. ಹಾಲು ಉತ್ಪಾದಕರಿಗೆ ಕರ್ನಾಟಕ ಸರಕಾರವು 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಕೊಡಲಾರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ್ದು ಪ್ರೋತ್ಸಾಹಧನ. 2020ರಿಂದ ಕೇಂದ್ರ ಸರಕಾರ ದೊಡ್ಡ ಕೈಗಾರಿಕೆಗಳಿಗೆ ಘೋಷಿಸಿದ ಕೋಟ್ಯಂತರ ರೂಪಾಯಿಗಳೂ ಪ್ರೋತ್ಸಾಹಧನ. ಎಮ್ಮೆ ಕಟ್ಟಿದ ವಿಧವೆಗೂ ಫೋನು ತಯಾರಿಸುವ ಕಂಪನಿಗೂ ಒಂದೇ ಪದ. ಇದರಿಂದ ಯಾರಿಗೂ ಹಾನಿಯಿಲ್ಲವೆಂದು ಸುಮ್ಮನಿರಬಹುದಾಗಿತ್ತು. ಆದರೆ 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯ ಆಶಾ ಕಾರ್ಯಕರ್ತೆಯರ ವಿಷಯದಲ್ಲಿ ಸುಮ್ಮನಿರಲಾಗದು. ಬಸುರಿಯನ್ನು ಹೆರಿಗೆಗೆ ಕರೆದೊಯ್ದರೆ ಇಷ್ಟು, ಮಗುವಿಗೆ ಲಸಿಕೆ ಹಾಕಿಸಿದರೆ ಇಷ್ಟು ಎಂದು ಕೆಲಸದ ಲೆಕ್ಕದಲ್ಲಿ ಅವರಿಗೆ ಬರುವುದು ಪ್ರೋತ್ಸಾಹಧನ. ಅದರ ಜೊತೆಗೆ ರಾಜ್ಯ ಸರಕಾರ ಕೊಡುವುದು ಗೌರವಧನ. ವೇತನವೆಂಬ ಪದ ಅಲ್ಲಿ ಎಲ್ಲಿಯೂ ಇಲ್ಲ. ಏಕೆಂದರೆ ನಿಯಮದ ಪ್ರಕಾರ ಅವರು ಸ್ವಯಂಸೇವಕಿಯರು. (ಆಶಾ ಎಂಬುದು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರಾದರೂ, ನಮ್ಮ ‘ಆಸೆ’ ಹುಟ್ಟಿದ್ದು ಆ ಸಂಸ್ಕೃತ ಪದದಿಂದಲೇ ಎಂಬುದು ಕಾಕತಾಳೀಯ.) 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನಲ್ಲಿ ಹಗಲಿರುಳು ಧರಣಿ ಕುಳಿತದ್ದು ತಿಂಗಳಿಗೆ ನಿಶ್ಚಿತವಾದ ಒಂದು ಮೊತ್ತಕ್ಕಾಗಿ. 1924ರ ಗಿರಣಿಯವರ ಪ್ರಶ್ನೆಯೇ ಅವರದೂ. ಪ್ರೋತ್ಸಾಹವನ್ನು ಯಾರೂ ಬಾಕಿಯೆಂದು ಕೇಳಲಾಗದು. ಗೌರವವನ್ನಂತೂ ಕೇಳಿ ಪಡೆಯುವುದೇ ಅಗೌರವ. ಹಣಕ್ಕೆ ಈ ಹೆಸರುಗಳನ್ನು ಇಟ್ಟವರು ದುರುದ್ದೇಶದಿಂದ ಇಟ್ಟರೆಂದು ನಾನು ಹೇಳುತ್ತಿಲ್ಲ. ಆದರೆ ಹೆಸರು ತನ್ನ ಕೆಲಸವನ್ನು ತಾನು ಮಾಡುತ್ತದೆ. ಹಳೆಯ ಬಾಳ್ಗಚ್ಚು, ನೆತ್ತರುಗೊಡಗೆ, ಕಟ್ಟುಕೊಡಗೆಗಳಲ್ಲಿ ಮಾಡಿದ ಕೆಲಸದ ಹೆಸರು ಹಣದ ಹೆಸರಿನೊಳಗೇ ಇತ್ತು: ಕತ್ತಿ, ನೆತ್ತರು, ಕಟ್ಟೆ. ಪ್ರೋತ್ಸಾಹಧನದಲ್ಲಿ ಕೆಲಸದ ಹೆಸರಿಲ್ಲ. ಕೊಡುವವನ ಸದ್ಭಾವದ ಹೆಸರಿದೆ.

ಸುತ್ತೋಲೆಯ ಮಾತನ್ನು ಮುಗಿಸಿಲ್ಲ. ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಆ ಮಿತ್ರರಿಗೆ, ಆ ಕ್ರಿಯಾಪದವನ್ನು ಬಿಟ್ಟುಬಿಟ್ಟು, ‘ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಮಾಲು ತಯಾರಿಸಿದವರಿಗೆ ಹೆಚ್ಚಿನ ಪ್ರತಿ ನಗಕ್ಕೆ ಇಂತಿಷ್ಟು ಹೆಚ್ಚು ಕೂಲಿ ಕೊಡಲಾಗುವುದು’ ಎಂದು ಬರೆಯಿರೆಂದೆ. ಅವರು ಹಾಗೆಯೇ ಬರೆದು ಕಳುಹಿಸಿದರು. ಎರಡು ವಾರಗಳ ನಂತರ ಅಚ್ಚಾದ ಪ್ರತಿಯೊಂದನ್ನು ವಾಚನಾಲಯಕ್ಕೆ ತಂದು ತೋರಿಸಿದರು. ವಾಕ್ಯ ನಾವು ಬರೆದಂತೆಯೇ ಇತ್ತು. ‘ಕೂಲಿ’ ಎಂಬಲ್ಲಿ ಮಾತ್ರ ಯಾರೋ ‘ಪ್ರೋತ್ಸಾಹಧನ’ ಎಂದು ತಿದ್ದಿದ್ದರು.